ಗೊತ್ತಿಲ್ಲದ್ದನ್ನು ಸೊನ್ನೆ ಎಂದು ತೋರಿಸಬೇಡಿ: ಡ್ಯಾಶ್‌ಬೋರ್ಡ್ ಕಟ್ಟುವವರಿಗೆ ಒಂದು ಬಹಿರಂಗ ಪತ್ರ

ಸಾಫ್ಟ್‌ವೇರ್ ಸೇವೆಗಳ ಡ್ಯಾಶ್‌ಬೋರ್ಡ್‌ಗಳನ್ನು, ಅಂದರೆ ಬಳಕೆ ತೋರಿಸುವ ಖಾತೆ ಪುಟಗಳನ್ನು ಕಟ್ಟುವ, ನಡೆಸುವ, ಅವು ಹೇಗಿರಬೇಕೆಂದು ತೀರ್ಮಾನಿಸುವ ಎಲ್ಲರಿಗೂ,

ನಮಸ್ಕಾರ.

ಖಾತೆಗೆ ಲಾಗಿನ್ ಆಗಿ ‘ಬಳಕೆ’ ಪುಟ ತೆರೆದರೆ ಗ್ರಾಫ್ ಖಾಲಿ. ಕೆಳಗೆ ದಿನಾಂಕಗಳ ಸಾಲು ಇದೆ, ಎಡಕ್ಕೆ ಅಳತೆಯ ಗೆರೆ ಇದೆ, ನಡುವೆ ಏನೂ ಇಲ್ಲ. ಕೆಲವು ಕಡೆ ಇನ್ನೂ ಕೆಟ್ಟದು: ತಳಕ್ಕೆ ಅಂಟಿಕೊಂಡ ನೇರ ಗೆರೆ, ಪಕ್ಕದಲ್ಲಿ ದೊಡ್ಡಕ್ಷರದಲ್ಲಿ ‘0’. ಅದೇ ಹೊತ್ತಿಗೆ ಪ್ರೋಗ್ರಾಂ ಕೋರಿಕೆಗಳನ್ನು ಕಳಿಸುತ್ತಲೇ ಇದೆ, ಉತ್ತರಗಳು ಬರುತ್ತಿವೆ, ಕೋಟಾ ಕರಗುತ್ತಿದೆ, ಬಿಲ್ ಬೆಳೆಯುತ್ತಿದೆ.

ಅಂಕಿಅಂಶ ತಡವಾಗುತ್ತದೆ, ಒಮ್ಮೊಮ್ಮೆ ತಪ್ಪಿಹೋಗುತ್ತದೆ. ಅಳೆಯುವ ವ್ಯವಸ್ಥೆ ನಡೆಸುವ ಯಾರಿಗೂ ಅದು ಹೊಸದಲ್ಲ, ಅದಕ್ಕಾಗಿ ನಿಮ್ಮನ್ನು ದೂರುವುದೂ ಇಲ್ಲ. ನಮ್ಮ ತಕರಾರು ಒಂದೇ. ‘ಬಳಕೆ ಆಗಿಲ್ಲ’ ಎಂಬುದೂ ‘ಎಷ್ಟು ಬಳಕೆ ಆಯಿತೆಂದು ನಮಗಿನ್ನೂ ಗೊತ್ತಿಲ್ಲ’ ಎಂಬುದೂ ಬೇರೆ ಬೇರೆ ಮಾತುಗಳು. ನಿಮ್ಮ ಪುಟ ಎರಡಕ್ಕೂ ಒಂದೇ ಚಿತ್ರ ಬರೆಯುತ್ತಿದೆ. ಮೊದಲನೆಯದನ್ನು ನಂಬಿದವರು ನಿಶ್ಚಿಂತೆಯಿಂದ ಪುಟ ಮುಚ್ಚುತ್ತಾರೆ. ಎರಡನೆಯದು ಗೊತ್ತಾಗಿದ್ದರೆ ಎಚ್ಚರವಾಗಿರುತ್ತಿದ್ದರು. ಕದ್ದ ಕೀ (ಖಾತೆಯ ಹೆಸರಿನಲ್ಲಿ ಸೇವೆ ಬಳಸಲು ಬೇಕಾದ ಗುಟ್ಟಿನ ಸಂಕೇತ) ಒಂದು ರಾತ್ರಿಯಿಡೀ ದುಡಿಯುತ್ತಿರುವಾಗ, ಲೂಪ್‌ಗೆ ಸಿಕ್ಕಿದ ಸ್ಕ್ರಿಪ್ಟ್ ಒಂದೇ ಕೋರಿಕೆಯನ್ನು ಸಾವಿರ ಸಲ ಕಳಿಸುತ್ತಿರುವಾಗ, ಆ ಸುಳ್ಳು ಸೊನ್ನೆಯ ಬೆಲೆ ತೆರುವವರು ಗ್ರಾಹಕರು.

ಅಂಕಿ ಎಲ್ಲೆಲ್ಲಿ ಕಳೆದುಹೋಗುತ್ತದೆ ಎಂದು ಮೊದಲು ಹೇಳುತ್ತೇವೆ. ನಿಮ್ಮ ತಂಡದಲ್ಲಿ ಗ್ರಾಫ್ ಬರೆಯುವವರಿಗೆ ಎಣಿಕೆಯ ಹಿಂಬದಿ ಕಾಣದೇ ಇರಬಹುದು, ಎಣಿಸುವವರು ಗ್ರಾಫನ್ನು ಎಂದೂ ತೆರೆಯದೇ ಇರಬಹುದು.

ಒಂದು ಕೋರಿಕೆ ಸೇವೆಯ ಹೆಬ್ಬಾಗಿಲಾದ ಗೇಟ್‌ವೇ ದಾಟಿದಾಗ ಒಂದು ದಾಖಲೆ ಹುಟ್ಟುತ್ತದೆ: ಯಾವ ಖಾತೆ, ಯಾವ ಪ್ರಾಜೆಕ್ಟ್, ಯಾವ ಕೀ, ಎಷ್ಟು ಯೂನಿಟ್, ಯಾವ ಕ್ಷಣ. ಅದು ಕಾಫ್ಕಾ ಎಂಬ ಸಾಫ್ಟ್‌ವೇರಿನಂಥ ಸಂದೇಶಗಳ ಸರದಿಯಲ್ಲಿ ಕೂರುತ್ತದೆ. ಒಟ್ಟು ಹಾಕುವ ಪ್ರೋಗ್ರಾಂ ಅದನ್ನು ಎತ್ತಿಕೊಂಡು ಗಂಟೆ ಗಂಟೆಯ ಮೊತ್ತ ಕಟ್ಟಿ ಡೇಟಾಬೇಸ್‌ಗೆ ಬರೆಯುತ್ತದೆ. ಡ್ಯಾಶ್‌ಬೋರ್ಡ್‌ನ ಎಪಿಐ (ಪ್ರೋಗ್ರಾಂಗಳು ಮಾಹಿತಿ ಕೇಳುವ ಕಿಂಡಿ) ಆ ಮೊತ್ತ ಓದುತ್ತದೆ, ನಡುವೆ ಒಂದು ಕ್ಯಾಶ್ (ತಾತ್ಕಾಲಿಕ ನಕಲು) ಇರುತ್ತದೆ, ಕೊನೆಗೆ ಬ್ರೌಸರ್ ಗೆರೆ ಎಳೆಯುತ್ತದೆ. ಆದರೆ ಮಿತಿ ಮೀರಿದವರನ್ನು ತಡೆಯುವ ಎಣಿಕೆ ಸಾಮಾನ್ಯವಾಗಿ ಈ ದಾರಿಯಲ್ಲಿ ಬರುವುದಿಲ್ಲ. ಅದು ಗೇಟ್‌ವೇ ಪಕ್ಕದಲ್ಲೇ, ಮೆಮೊರಿಯಲ್ಲಿರುವ ಇನ್ನೊಂದು ಎಣಿಕೆ. ಅದಕ್ಕೇ ಗ್ರಾಫ್ ಸೊನ್ನೆ ತೋರಿಸುತ್ತಿರುವಾಗಲೇ ಸರ್ವರ್ 429 ಎಂಬ ಉತ್ತರ ಸಂಕೇತ ಕೊಟ್ಟು ‘ಮಿತಿ ಮುಗಿಯಿತು’ ಎನ್ನುವುದು. ಎರಡೂ ಒಂದೇ ಸಂಸ್ಥೆಯ ಮಾತು. ಗ್ರಾಹಕ ಯಾವುದನ್ನು ನಂಬಬೇಕು?

ಸುಳ್ಳು ಸೊನ್ನೆ ಹುಟ್ಟುವ ಜಾಗ ಹೆಚ್ಚಾಗಿ ಬಹಳ ಸಣ್ಣದು. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ಹೊಂದುವ ಸಾಲೇ ಇಲ್ಲದಾಗ ಸಾಲು ಎಣಿಸುವ ‘ಕೌಂಟ್’ 0 ಕೊಡುತ್ತದೆ, ಕೂಡುವ ‘ಸಮ್’ ಮಾತ್ರ ‘ನಲ್’ (ಮೌಲ್ಯವಿಲ್ಲ) ಕೊಡುತ್ತದೆ. ಆ ನಲ್ ಬೆಲೆಬಾಳುವ ಸಂಗತಿ: ಕೂಡಲು ಏನೂ ಸಿಗಲಿಲ್ಲ ಎಂದು ಡೇಟಾಬೇಸ್ ಪ್ರಾಮಾಣಿಕವಾಗಿ ಹೇಳುತ್ತಿದೆ. ಚಾರ್ಟ್ ಮುರಿದೀತೆಂಬ ಭಯಕ್ಕೆ ಯಾರೋ ಅದರ ಸುತ್ತ, ನಲ್ ಬದಲು ಬೇರೆ ಮೌಲ್ಯ ಕೊಡುವ ‘ಕೋಅಲೆಸ್’ ಹಾಕಿ 0 ತುಂಬುತ್ತಾರೆ. ಅಥವಾ ಎಲ್ಲ ದಿನಗಳೂ ಗ್ರಾಫಿನಲ್ಲಿ ಬರಲೆಂದು ದಿನಾಂಕಗಳ ಪಟ್ಟಿ ಮಾಡಿ, ಅದಕ್ಕೆ ಮೊತ್ತಗಳನ್ನು ಲೆಫ್ಟ್ ಜಾಯಿನ್ ಮಾಡಿ (ಮೊತ್ತ ಇಲ್ಲದ ದಿನವೂ ಉಳಿಯುವಂತೆ ಜೋಡಿಸಿ), ಖಾಲಿ ಉಳಿದಲ್ಲೆಲ್ಲ 0 ಬರೆಯುತ್ತಾರೆ. ಅಲ್ಲಿಗೆ ಮಾಹಿತಿ ನಾಶವಾಯಿತು. ಮುಂದಿನ ಯಾವ ಹಂತವೂ ಅದನ್ನು ಮರಳಿ ಪಡೆಯಲಾರದು.

ಡೇಟಾಬೇಸ್ ಬದಿಯಲ್ಲಿ ಎಚ್ಚರ ವಹಿಸಿದರೂ ಬ್ರೌಸರ್ ಬದಿಯಲ್ಲಿ ಇದೇ ತಪ್ಪು ಕಾದಿರುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಲೆಕ್ಕ ಕೆಟ್ಟು ‘ಸಂಖ್ಯೆಯಲ್ಲ’ ಎಂಬ ಮೌಲ್ಯ ಬಂತು ಎನ್ನಿ. ಮಾಹಿತಿ ಕಳಿಸುವ ಪಠ್ಯರೂಪವಾದ ಜೇಸನ್‌ನಲ್ಲಿ ಅದಕ್ಕೆ ಜಾಗವಿಲ್ಲ, ಹಾಗಾಗಿ ಬರೆಯುವಾಗ ಅದು ನಲ್ ಆಗುತ್ತದೆ. ಓದುವ ಕಡೆ ಆ ನಲ್ ಅನ್ನು ಸಂಖ್ಯೆಗೆ ಬದಲಿಸಿದರೆ 0 ಸಿಗುತ್ತದೆ. ಎಲ್ಲೂ ಎರರ್ ಬರಲಿಲ್ಲ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ, ಆದರೂ ಕೆಟ್ಟ ಲೆಕ್ಕ ಸೊನ್ನೆಯಾಗಿ ತಲುಪಿತು. ಅದೇ ಫೀಲ್ಡ್ ಪೂರ್ತಿ ಬಿಟ್ಟುಹೋಗಿದ್ದರೆ ಫಲ ಬೇರೆ: ಇಲ್ಲದ ಫೀಲ್ಡಿಗೆ ಸಿಗುವ ‘ಅನ್‌ಡಿಫೈನ್ಡ್’ ಅನ್ನು ಸಂಖ್ಯೆಗೆ ಬದಲಿಸಿದರೆ ಮತ್ತೆ ‘ಸಂಖ್ಯೆಯಲ್ಲ’ ಎಂದೇ ಬರುತ್ತದೆ. ಒಂದೇ ಕೊರತೆ ಒಂದು ದಿನ ಸೊನ್ನೆಯಾಗಿಯೂ ಇನ್ನೊಂದು ದಿನ ಖಾಲಿಯಾಗಿಯೂ ಕಾಣುವುದಕ್ಕೆ ಇದೊಂದು ಕಾರಣ. ಇದಕ್ಕಿಂತ ನೇರವಾದ ತಪ್ಪೂ ಇದೆ. ಎಪಿಐ ಕರೆ ಸೋತಾಗ ಎರರ್ ಹಿಡಿದು ಖಾಲಿ ಪಟ್ಟಿ ಹಿಂತಿರುಗಿಸುವ ಆ ಎರಡು ಸಾಲಿನ ಕೋಡ್. ಡೇಟಾಬೇಸ್ ಟೈಮ್‌ಔಟ್ ಆದರೂ ಗ್ರಾಹಕನಿಗೆ ‘ಎಲ್ಲ ಸರಿ’ ಎನ್ನುವ 200 ಉತ್ತರ, ಖಾಲಿ ಪಟ್ಟಿ, ಸುಂದರವಾದ ಖಾಲಿ ಗ್ರಾಫ್. ದಯವಿಟ್ಟು ಈ ಕೋಡನ್ನು ಇವತ್ತೇ ಹುಡುಕಿ ತೆಗೆಯಿರಿ.

ಹಾಗಾದರೆ ನಿಜವಾದ ಸೊನ್ನೆಯನ್ನು ಗುರುತಿಸುವುದು ಹೇಗೆ? ಬಳಕೆಯ ಮೊತ್ತದ ಕೋಷ್ಟಕವೊಂದರಿಂದ ಅದು ಸಾಧ್ಯವಿಲ್ಲ, ಏಕೆಂದರೆ ಸಾಲು ಇಲ್ಲದಿರುವುದಕ್ಕೆ ಕಾರಣ ಅದರಲ್ಲಿ ಇರುವುದಿಲ್ಲ. ಇನ್ನೊಂದು ಪುಟ್ಟ ಕೋಷ್ಟಕ ಬೇಕು. ಅದರಲ್ಲಿ ಪ್ರತಿ ಗಂಟೆಗೆ, ಪ್ರತಿ ಪ್ರದೇಶಕ್ಕೆ (ಸೇವೆಯ ಸರ್ವರ್‌ಗಳಿರುವ ತಾಣಕ್ಕೆ) ಒಂದು ಸಾಲು: ಈ ಗಂಟೆಯ ಒಟ್ಟು ಹಾಕುವ ಕೆಲಸ ಇಂಥ ಹೊತ್ತಿಗೆ ಮುಗಿಯಿತು, ಇಷ್ಟು ದಾಖಲೆ ಓದಲಾಯಿತು. ಕೆಲಸ ಮುಗಿದ ಸಾಲು ಇದ್ದು ಈ ಖಾತೆಯ ಮೊತ್ತ ಇಲ್ಲದಿದ್ದರೆ ಅದು ನಿಜವಾದ 0. ಮುಗಿದ ಸಾಲೇ ಇಲ್ಲದಿದ್ದರೆ ನಲ್ ಹಾಗೇ ಉಳಿಯಲಿ. ದಿನಕ್ಕೆ ಪ್ರದೇಶವೊಂದಕ್ಕೆ 24 ಸಾಲು, ಅಷ್ಟೇ ಖರ್ಚು. ಇಷ್ಟು ಅಗ್ಗದ ಪರಿಹಾರ ಎಷ್ಟೋ ಕಡೆ ಇಲ್ಲದಿರುವುದು ನಮಗೆ ನಿಜಕ್ಕೂ ಬೇಸರದ ಸಂಗತಿ.

ತಡವಾಗಿ ಬರುವ ದಾಖಲೆಗಳ ವಿಷಯ ಇದಕ್ಕೆ ಅಂಟಿಕೊಂಡೇ ಇದೆ. ಒಂದು ದಾಖಲೆಗೆ ಎರಡು ಸಮಯ: ಬಳಕೆ ನಡೆದ ಕ್ಷಣ, ಅದು ನಿಮ್ಮ ವ್ಯವಸ್ಥೆಗೆ ತಲುಪಿದ ಕ್ಷಣ. ಒಂದು ಪ್ರದೇಶದ ನೆಟ್‌ವರ್ಕ್ ಎರಡು ಗಂಟೆ ಕಡಿದುಹೋದರೆ ಅಲ್ಲಿನ ದಾಖಲೆಗಳು ಎರಡು ಗಂಟೆಯವರೆಗೂ ತಡವಾಗಿ ಬರುತ್ತವೆ. ಆ ಹೊತ್ತಿಗೆ ಆ ಗಂಟೆಗಳ ಲೆಕ್ಕ ಮುಚ್ಚಿಬಿಟ್ಟಿದ್ದರೆ ಕೆಲವು ವ್ಯವಸ್ಥೆಗಳು ಅವನ್ನು ಬಿಸಾಡುತ್ತವೆ, ಕೆಲವು ತಲುಪಿದ ಗಂಟೆಗೆ ಸೇರಿಸುತ್ತವೆ. ಎರಡನೆಯದರಲ್ಲಿ ಗ್ರಾಫಿಗೆ ಮೊದಲು ಒಂದು ಹೊಂಡ, ಆಮೇಲೆ ಒಂದು ಗೋಪುರ. ಬಳಕೆ ನಡೆದ ಕ್ಷಣಕ್ಕೇ ಸೇರಿಸಿ ಹಳೆಯ ಗಂಟೆಯನ್ನು ಮತ್ತೆ ಲೆಕ್ಕ ಹಾಕುವುದೇ ಸರಿ. ಹಾಗೆ ಮಾಡಿದಾಗ ನಿನ್ನೆ ನೋಡಿದ ಅಂಕಿ ಇವತ್ತು ಬದಲಾಗುತ್ತದೆ, ಅದನ್ನು ಹೇಳಬೇಕು. ಹೇಳದೆ ಬದಲಿಸಿದರೆ ನಿನ್ನೆಯ ಅಂಕಿ ತೆಗೆದುಕೊಂಡು ವರದಿ ಬರೆದವರು ತಪ್ಪಿತಸ್ಥರಾಗುತ್ತಾರೆ. ಇನ್ನೊಂದು ಮಾತು: ಸರದಿಗಳು ಬಹುಪಾಲು ‘ಕನಿಷ್ಠ ಒಮ್ಮೆ’ ತಲುಪಿಸುವ ಭರವಸೆ ಕೊಡುತ್ತವೆ, ಅಂದರೆ ಒಂದೇ ದಾಖಲೆ ಎರಡು ಸಲ ಬರಬಹುದು. ಪ್ರತಿ ದಾಖಲೆಗೂ ಹುಟ್ಟುವಾಗಲೇ ಒಂದು ವಿಶಿಷ್ಟ ಐಡಿ ಕೊಟ್ಟಿರದಿದ್ದರೆ, ಕಾಣೆಯಾದದ್ದನ್ನು ತುಂಬಲು ಹೋಗಿ ಇದ್ದದ್ದನ್ನೇ ಎರಡು ಪಟ್ಟು ಮಾಡುತ್ತೀರಿ. ಬಿಟ್ಟುಹೋದ ಅಂಕಿಗಳನ್ನು ಮರುತುಂಬಿದ ನಂತರ ಮೊತ್ತ ಹಿಗ್ಗಿ ಕಾಣುವುದು ಬಹಳ ಸಲ ಇದರಿಂದಲೇ.

ಸಮಯದ ಲೆಕ್ಕದಲ್ಲಿ ಇನ್ನೊಂದು ಬಗೆಯ ಮಾಯವಾಗುವಿಕೆ ಇದೆ. ಹಿಂಬದಿಯ ‘ದಿನ’ ಸಾಮಾನ್ಯವಾಗಿ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮಾನಕ ಸಮಯ) ಪ್ರಕಾರ ಮಧ್ಯರಾತ್ರಿ ಶುರುವಾಗುತ್ತದೆ, ಗ್ರಾಹಕರ ದಿನ ಅವರ ಊರಿನ ಗಡಿಯಾರದ ಪ್ರಕಾರ. ಯುಟಿಸಿಗಿಂತ ಹಿಂದಿರುವ ವಲಯದಲ್ಲಿ ಸಂಜೆಯ ಬಳಕೆ ‘ನಾಳೆ’ಯ ಕಂಬಕ್ಕೆ ಸೇರುತ್ತದೆ, ದಿನಾಂಕ ಆರಿಸುವ ಪೆಟ್ಟಿಗೆಯಲ್ಲಿ ‘ಇಂದು’ ಎಂಬಲ್ಲಿಗೆ ನಿಲ್ಲಿಸಿದವರಿಗೆ ಅದು ಕಾಣುವುದೇ ಇಲ್ಲ. ಗಂಟೆಯ ಮೊತ್ತಗಳಿಂದ ಸ್ಥಳೀಯ ದಿನ ಕಟ್ಟುತ್ತೇವೆ ಎನ್ನುವವರು ಗಮನಿಸಿ: 5 ಗಂಟೆ 30 ನಿಮಿಷ, 5 ಗಂಟೆ 45 ನಿಮಿಷ ಮುಂದಿರುವ ವಲಯಗಳಿವೆ. ಅಲ್ಲಿಯ ಮಧ್ಯರಾತ್ರಿ ಯುಟಿಸಿಯ ಗಂಟೆಯ ನಡುವೆ ಬೀಳುತ್ತದೆ. ಇಂದು ಬಳಕೆಯಲ್ಲಿರುವ ಎಲ್ಲ ವಲಯಗಳೂ 15 ನಿಮಿಷದ ಗುಣಕಗಳು; 15 ನಿಮಿಷದ ಮೊತ್ತ ಇಟ್ಟುಕೊಂಡರೆ ಯಾರ ದಿನವನ್ನು ಬೇಕಾದರೂ ಸರಿಯಾಗಿ ಕಟ್ಟಬಹುದು. ಬೇಸಿಗೆ ಸಮಯ ಪಾಲಿಸುವಲ್ಲಿ ಸಾಮಾನ್ಯವಾಗಿ ವರ್ಷಕ್ಕೊಂದು ದಿನ 23 ಗಂಟೆಯದು, ಒಂದು ದಿನ 25 ಗಂಟೆಯದು. ಇಷ್ಟೆಲ್ಲ ಬೇಡವೆನಿಸಿದರೆ ಯುಟಿಸಿಯಲ್ಲೇ ತೋರಿಸಿ, ಆದರೆ ಗ್ರಾಫಿನ ಕೆಳಗೆ ‘ಯುಟಿಸಿ’ ಎಂದು ಬರೆಯಿರಿ.

ಸೆಕೆಂಡಿಗೂ ಮಿಲಿಸೆಕೆಂಡಿಗೂ ಆಗುವ ಗೊಂದಲ ಹಳೆಯದು, ಇನ್ನೂ ಸತ್ತಿಲ್ಲ. ಕಂಪ್ಯೂಟರ್ ವ್ಯವಸ್ಥೆಗಳು ಬಹುಪಾಲು ಸಮಯವನ್ನು 1970ರ ಜನವರಿ 1ರಿಂದ ಎಣಿಸುತ್ತವೆ. 1700000000 ಎಂಬುದು ಸೆಕೆಂಡ್ ಲೆಕ್ಕದಲ್ಲಿ 2023ರ ನವೆಂಬರ್ 14. ಅದನ್ನೇ ಮಿಲಿಸೆಕೆಂಡ್ ಎಂದು ಓದಿದರೆ 1970ರ ಜನವರಿ 20. ಆ ದಿನದ ಬಳಕೆ ಕೇಳಿದರೆ ಯಾವ ಸರ್ವರ್ ಆದರೂ ಖಾಲಿ ಪಟ್ಟಿಯನ್ನೇ ಕೊಡುತ್ತದೆ. ಸೇವೆ ಶುರುವಾಗುವುದಕ್ಕೂ ಮೊದಲಿನ ದಿನಾಂಕ ಬಂದರೆ 400 (ತಪ್ಪು ಕೋರಿಕೆ) ಕೊಟ್ಟು ತಿರಸ್ಕರಿಸಿ, ತಪ್ಪು ಕೂಡಲೇ ಬಯಲಾಗುತ್ತದೆ.

ಜಾಯಿನ್‌ಗಳ ಬಗ್ಗೆ ಹೇಳಲೇಬೇಕು. ಬಳಕೆಯ ಕೋಷ್ಟಕವನ್ನು ಕೀಗಳ ಕೋಷ್ಟಕಕ್ಕೆ ಇನ್ನರ್ ಜಾಯಿನ್ (ಎರಡರಲ್ಲೂ ಹೊಂದುವ ಸಾಲನ್ನಷ್ಟೇ ಉಳಿಸುವ ಜೋಡಣೆ) ಮಾಡಿದ್ದರೆ, ಗ್ರಾಹಕ ಹಳೆಯ ಕೀ ಅಳಿಸಿದ ದಿನವೇ ಆ ಕೀಯ ಹಿಂದಿನ ಬಳಕೆಯೆಲ್ಲ ಗ್ರಾಫಿನಿಂದ ಮಾಯ. ಆದರೆ ಬಿಲ್‌ನಲ್ಲಿ ಅದು ಇರುತ್ತದೆ. ಕೀ ಸೋರಿಹೋಗಿದೆ ಎಂಬ ಅನುಮಾನ ಬಂದವರು ಮೊದಲು ಮಾಡುವ ಕೆಲಸವೇ ಕೀ ಅಳಿಸುವುದು. ನಂತರ ಎಷ್ಟು ದುರ್ಬಳಕೆಯಾಗಿದೆ ಎಂದು ನೋಡಲು ಬಂದರೆ ಪುರಾವೆಯೇ ಇಲ್ಲ. ಅಳಿಸಿದ ಕೀಗಳ ಹೆಸರನ್ನು ‘ಅಳಿಸಲಾಗಿದೆ’ ಎಂಬ ಗುರುತಿನೊಂದಿಗೆ ಉಳಿಸಿಕೊಳ್ಳಿ. ಹಾಗೆಯೇ ಅನುಮತಿ: ಸದಸ್ಯನಿಗೆ ತನ್ನ ಪ್ರಾಜೆಕ್ಟ್ ಮಾತ್ರ ಕಾಣಬೇಕು ಎಂಬ ನಿಯಮ ಸರಿಯೇ. ಆದರೆ ನೋಡಲು ಹಕ್ಕಿಲ್ಲದ ಭಾಗವನ್ನು ಸದ್ದಿಲ್ಲದೆ ಕಳೆದು ಉಳಿದದ್ದನ್ನು ‘ಒಟ್ಟು’ ಎಂದು ಕರೆಯಬಾರದು. ‘ನಿಮಗೆ ಕಾಣುವ ಪ್ರಾಜೆಕ್ಟ್‌ಗಳ ಮೊತ್ತ’ ಎಂದು ಬರೆಯಲು ಎಷ್ಟು ಜಾಗ ಬೇಕು? ಪ್ರದೇಶದ ಆಯ್ಕೆಯೂ ಇದೇ ಜಾತಿಯದು. ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನ ನಿಗಾ ಸಾಧನ ಕ್ಲೌಡ್‌ವಾಚ್‌ನಲ್ಲಿ ಬಿಲ್ಲಿಂಗ್ ಮೆಟ್ರಿಕ್‌ಗಳು (ಅಳತೆಗಳು) ಉತ್ತರ ವರ್ಜೀನಿಯಾ ಪ್ರದೇಶದಲ್ಲಿ ಇರುತ್ತವೆ. ಬೇರೆ ಪ್ರದೇಶ ಆರಿಸಿಕೊಂಡು ಹುಡುಕಿದರೆ ಸಿಗುವುದಿಲ್ಲ. ಅವರ ದಾಖಲೆಪತ್ರದಲ್ಲಿ ಇದು ಸ್ಪಷ್ಟವಾಗಿದೆ. ಇಂಥ ಸಂಗತಿ ಖಾಲಿ ಪುಟದ ಮೇಲೂ ಇರಬೇಕು ಎಂಬುದು ನಮ್ಮ ಮಾತು.

ಎಲ್ಲವೂ ಸರಿಯಿದ್ದು ಬ್ರೌಸರ್‌ನಲ್ಲಿ ಮಾತ್ರ ಕೆಡುವ ಪ್ರಸಂಗವೂ ಉಂಟು. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್‌ಗಳು ವಿಳಾಸದಲ್ಲಿರುವ ಪದಗಳನ್ನು ನೋಡಿ ತೀರ್ಮಾನಿಸುತ್ತವೆ. ನಿಮ್ಮ ಎಪಿಐ ವಿಳಾಸದಲ್ಲಿ ‘ಅನಾಲಿಟಿಕ್ಸ್’, ‘ಟ್ರ್ಯಾಕ್’ ಎಂಬಂಥ ಪದವಿದ್ದರೆ ಕೋರಿಕೆ ಹೊರಡುವ ಮೊದಲೇ ನಿಲ್ಲುವ ಸಾಧ್ಯತೆ ಇದೆ. ಆ ಹೆಸರು ಬದಲಿಸಿ. ಕೋರಿಕೆ ಹೊರಡಲೇ ಇಲ್ಲ ಎಂಬುದನ್ನು ಪುಟವೇ ಪತ್ತೆ ಹಚ್ಚಿ ತಿಳಿಸಲಿ.

ಅಳತೆಯ ಘಟಕಗಳ ಬಗ್ಗೆ ಎರಡೇ ಮಾತು. ಜಿಬಿ ಎಂದರೆ 1,000,000,000 ಬೈಟ್, ಜಿಐಬಿ ಎಂದರೆ 1,073,741,824 ಬೈಟ್. ಗ್ರಾಫ್ ಒಂದರಲ್ಲಿ, ಬಿಲ್ ಇನ್ನೊಂದರಲ್ಲಿ ಇದ್ದರೆ ಶೇ 7ಕ್ಕೂ ಹೆಚ್ಚು ವ್ಯತ್ಯಾಸ ಬರುತ್ತದೆ, ಗ್ರಾಹಕ ಅದನ್ನು ಕಾಣೆಯಾದ ಬಳಕೆ ಎಂದೇ ಓದುತ್ತಾನೆ. ಬೈಟ್ ಎಣಿಸಲು ಋಣ ಸಂಖ್ಯೆಗೂ ಜಾಗವಿರುವ (ಸೈನ್ಡ್) 32 ಬಿಟ್‌ನ ಪೂರ್ಣಾಂಕ ಇಟ್ಟಿದ್ದರೆ 2,147,483,647 ದಾಟಿದ ಕೂಡಲೇ ಲೆಕ್ಕ ಕೆಡುತ್ತದೆ. ಆ ಸಂಖ್ಯೆ ಎರಡು ಜಿಬಿಗಿಂತ ಸ್ವಲ್ಪ ಮೇಲೆ, ಅಷ್ಟೇ.

ಎಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಎಚ್ಚರಿಕೆಗಳು. ‘ಬಳಕೆ ಇಷ್ಟು ದಾಟಿದರೆ ಇಮೇಲ್ ಕಳಿಸಿ’ ಎಂದು ಗ್ರಾಹಕರು ಒಂದು ಮಿತಿ ಇಟ್ಟು ನೆಮ್ಮದಿಯಾಗಿರುತ್ತಾರೆ. ಆ ಎಚ್ಚರಿಕೆ ಓದುವುದು ಇದೇ ಮೊತ್ತದ ಕೋಷ್ಟಕವನ್ನು. ಅಂಕಿ ಬರುವುದು ನಿಂತರೆ ಮೊತ್ತ ಏರುವುದಿಲ್ಲ, ಮೊತ್ತ ಏರದಿದ್ದರೆ ಇಮೇಲ್ ಹೋಗುವುದಿಲ್ಲ. ಕಾವಲುಗಾರ ನಿದ್ದೆಹೋದದ್ದನ್ನು ಯಾರೂ ಹೇಳುವುದಿಲ್ಲ. ಇದಕ್ಕೆ ದಾರಿ ಹೊಸದಾಗಿ ಹುಡುಕಬೇಕಾಗಿಲ್ಲ. ಕ್ಲೌಡ್‌ವಾಚ್‌ನ ಎಚ್ಚರಿಕೆಗೆ ಮೂರು ಸ್ಥಿತಿಗಳಿವೆ: ಸರಿಯಿದೆ, ಮಿತಿ ದಾಟಿದೆ, ತೀರ್ಮಾನಿಸಲು ಸಾಕಷ್ಟು ಅಂಕಿ ಇಲ್ಲ. ಅಂಕಿ ಬಾರದಿದ್ದಾಗ ಅದನ್ನು ಮಿತಿ ದಾಟಿದಂತೆ ಎಣಿಸಬೇಕೋ, ದಾಟಿಲ್ಲವೆಂದು ಎಣಿಸಬೇಕೋ, ಇದ್ದ ಸ್ಥಿತಿಯಲ್ಲೇ ಬಿಡಬೇಕೋ, ಇಲ್ಲವೇ ಅಂಕಿ ಇಲ್ಲವೆಂದೇ ತಿಳಿಯಬೇಕೋ ಎಂದು ಬಳಕೆದಾರರೇ ಆರಿಸಬಹುದು. ಮೆಟ್ರಿಕ್ ಸಂಗ್ರಹಿಸುವ ಸಾಧನ ಪ್ರೊಮಿಥಿಯಸ್‌ನಲ್ಲಿ ಒಂದು ಮೆಟ್ರಿಕ್ ಕಾಣೆಯಾಗಿದೆಯೇ ಎಂದು ಕೇಳಲೆಂದೇ ‘ಆಬ್ಸೆಂಟ್’ ಎಂಬ ಫಂಕ್ಷನ್ ಇದೆ. ಗ್ರಾಫ್ ಬರೆಯುವ ಸಾಧನ ಗ್ರಫಾನಾದಲ್ಲಿ ನಲ್ ಬಂದಲ್ಲಿ ಗೆರೆಯನ್ನು ಕಡಿಯಬೇಕೋ ಜೋಡಿಸಬೇಕೋ ಎಂಬುದು ಒಂದು ಆಯ್ಕೆ. ಸರ್ವರ್ ಕಾಯುವ ನಿಮ್ಮದೇ ತಂಡಗಳು ಈ ಸಾಧನಗಳನ್ನು ದಿನವೂ ಬಳಸುತ್ತಿರಬಹುದು. ನಿಮಗೆ ನೀವು ಕೊಟ್ಟುಕೊಂಡ ಈ ಸೌಲಭ್ಯ ಹಣ ಕೊಡುವ ಗ್ರಾಹಕರಿಗೂ ಸಿಗಲಿ.

ಹಳೆಯ ಅಂಕಿ ಅಳಿಸುವುದರ ಬಗ್ಗೆ ನಮ್ಮ ಆಕ್ಷೇಪವಿಲ್ಲ, ಎಲ್ಲವನ್ನೂ ಎಂದೆಂದಿಗೂ ಇಡಲಾಗದು. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ರೆಪೊಸಿಟರಿಯ (ಕೋಡ್ ಸಂಗ್ರಹದ) ಭೇಟಿಗಳ ಲೆಕ್ಕ ಕಳೆದ 14 ದಿನಗಳದ್ದು ಮಾತ್ರ. ಕ್ಲೌಡ್‌ವಾಚ್ 1 ನಿಮಿಷದ ಅಂಕಿಗಳನ್ನು 15 ದಿನ, 5 ನಿಮಿಷದವನ್ನು 63 ದಿನ, 1 ಗಂಟೆಯವನ್ನು 455 ದಿನ ಇಡುತ್ತದೆ. ಪ್ರೊಮಿಥಿಯಸ್ ಏನೂ ಬದಲಿಸದಿದ್ದರೆ 15 ದಿನ ಇಡುತ್ತದೆ. ಗಡುವು ಗೊತ್ತಿದ್ದರೆ ಬೇಕಾದವರು ಮೊದಲೇ ಇಳಿಸಿಕೊಳ್ಳುತ್ತಾರೆ. ಗಡುವಿನ ಆಚೆಗಿನ ತಿಂಗಳನ್ನು ಆರಿಸಲು ಬಿಟ್ಟು ಅಲ್ಲಿ ಸೊನ್ನೆಗಳನ್ನು ಸಾಲಾಗಿ ತೋರಿಸುವುದು ಮಾತ್ರ ತಪ್ಪು.

ಈಗ ನಮ್ಮ ಕೋರಿಕೆಗಳು. ಪ್ರತಿ ಬಳಕೆ ಗ್ರಾಫಿನ ಮೇಲೆ ‘ಈ ಅಂಕಿಗಳು ಇಂಥ ದಿನ ಇಂಥ ಹೊತ್ತಿನವರೆಗೆ ಪೂರ್ಣ’ ಎಂಬ ಒಂದು ಸಾಲು ಬೇಕು. ಪುಟ ರಿಫ್ರೆಶ್ ಆದ ಸಮಯವನ್ನು ಅಲ್ಲಿ ಹಾಕಿ ಮುಗಿಸಬೇಡಿ. ಒಟ್ಟು ಹಾಕುವ ಕೆಲಸ ಎಲ್ಲ ಪ್ರದೇಶಗಳಲ್ಲೂ ಮುಗಿದಿರುವ ಕೊನೆಯ ಗಂಟೆ ಅಲ್ಲಿರಬೇಕು. ಒಂದು ಪ್ರದೇಶ ಹಿಂದೆ ಬಿದ್ದಿದ್ದರೆ ಅದರ ಹೆಸರೂ ಇರಲಿ. ಆ ಹೊತ್ತಿನ ನಂತರದ ಭಾಗಕ್ಕೆ ಓರೆಗೆರೆಗಳ ಛಾಯೆ ಹಾಕಿ, ಅಲ್ಲಿ ಗೆರೆ ಎಳೆಯಬೇಡಿ. ಖಾಲಿ ಸ್ಥಿತಿಗೆ ಕಾರಣ ಬರೆಯಿರಿ: ಬಳಕೆ ಆಗಿಲ್ಲ, ಲೆಕ್ಕ ನಡೆಯುತ್ತಿದೆ, ತರಲಾಗಲಿಲ್ಲ, ನೋಡಲು ನಿಮಗೆ ಅನುಮತಿ ಇಲ್ಲ, ಅವಧಿ ಮೀರಿ ಅಳಿಸಲಾಗಿದೆ. ಈ ಐದಕ್ಕೂ ಒಂದೇ ‘ಮಾಹಿತಿ ಇಲ್ಲ’ ಸಾಲದು. ಎಪಿಐ ಉತ್ತರದಲ್ಲೂ ಪ್ರತಿ ಬಿಂದುವಿನ ಜೊತೆ ಅದರ ಸ್ಥಿತಿಯನ್ನು ಕಳಿಸಿ, ಏಕೆಂದರೆ ಅನೇಕರು ನಿಮ್ಮ ಗ್ರಾಫ್ ನೋಡುವುದೇ ಇಲ್ಲ, ಅಂಕಿಗಳನ್ನು ತಮ್ಮದೇ ಶೀಟ್‌ಗೆ ಎಳೆದುಕೊಳ್ಳುತ್ತಾರೆ.

ಸೇವೆಯ ಸ್ಥಿತಿ ತಿಳಿಸುವ ಪುಟದಲ್ಲಿ ‘ಬಳಕೆಯ ಅಂಕಿಅಂಶ’ ಎಂಬುದಕ್ಕೆ ತನ್ನದೇ ಸಾಲು ಇರಲಿ. ಎಪಿಐ ಹಸಿರಾಗಿದ್ದು ಎಣಿಕೆ ನಿಂತಿರಬಹುದು, ಅದೂ ಅಡಚಣೆಯೇ. ಪ್ರತಿ ಉತ್ತರದ ಹೆಡರ್‌ನಲ್ಲಿ (ಉತ್ತರದ ತಲೆಭಾಗದ ವಿವರಗಳಲ್ಲಿ) ಆ ಕೋರಿಕೆಗೆ ಎಷ್ಟು ಯೂನಿಟ್ ಎಣಿಸಿದಿರಿ, ಎಷ್ಟು ಉಳಿದಿದೆ ಎಂದು ಕಳಿಸಿ. ಡ್ಯಾಶ್‌ಬೋರ್ಡ್ ಬಿದ್ದ ದಿನವೂ ಗ್ರಾಹಕರ ಕೈಯಲ್ಲಿ ಒಂದು ಲೆಕ್ಕ ಇರುತ್ತದೆ. ಬಿಲ್ ಕೊಡುವ ಮೊದಲು ಬಿಲ್‌ನ ಮೊತ್ತವನ್ನೂ ಗ್ರಾಫಿನ ಮೊತ್ತವನ್ನೂ ಖಾತೆವಾರು ಹೋಲಿಸುವ ಒಂದು ಪರೀಕ್ಷೆ ನಡೆಸಿ. ಗ್ರಾಹಕನಿಗೆ ತೋರಿಸಲಾಗದ ಬಳಕೆಗೆ ಹಣ ಕೇಳುವುದು ನ್ಯಾಯವಲ್ಲ. ಅಂಥ ಮೊತ್ತವನ್ನು ವಿವರ ಸಿಗುವವರೆಗೆ ತಡೆಹಿಡಿಯಿರಿ.

ಈ ಪತ್ರ ಓದುವ ಬಳಕೆದಾರರಿಗೂ ಒಂದಷ್ಟು. ಗ್ರಾಫ್ ಖಾಲಿ ಕಂಡರೆ ಮೊದಲು ದಿನಾಂಕದ ವ್ಯಾಪ್ತಿಯನ್ನು ಎರಡೂ ಕಡೆ ಒಂದೊಂದು ದಿನ ಹಿಗ್ಗಿಸಿ. ಮೇಲ್ಮೂಲೆಯಲ್ಲಿ ಯಾವ ಸಂಸ್ಥೆ, ಯಾವ ಪ್ರಾಜೆಕ್ಟ್, ಯಾವ ಪ್ರದೇಶ ಆಯ್ಕೆಯಾಗಿದೆ ನೋಡಿ. ಎಕ್ಸ್‌ಟೆನ್ಶನ್‌ಗಳಿಲ್ಲದ ಖಾಸಗಿ ವಿಂಡೋದಲ್ಲಿ ತೆರೆಯಿರಿ. ಆಗಲೂ ಖಾಲಿಯಿದ್ದರೆ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಬಳಕೆಯ ಕರೆಗೆ ಏನು ಉತ್ತರ ಬಂದಿದೆ ನೋಡಿ: 401 ಎಂದರೆ ಲಾಗಿನ್ ಕಳೆದಿದೆ, 403 ಎಂದರೆ ಅನುಮತಿ ಇಲ್ಲ, 504 ಎಂದರೆ ಹಿಂಬದಿ ಸಮಯಕ್ಕೆ ಉತ್ತರಿಸಿಲ್ಲ, 200 ಬಂದು ಪಟ್ಟಿ ಖಾಲಿಯಿದ್ದರೆ ತೊಂದರೆ ಎಣಿಕೆಯ ಬದಿಯಲ್ಲಿ ಇರುವ ಸಾಧ್ಯತೆ ಹೆಚ್ಚು. ಒಂದೇ ಒಂದು ಪರೀಕ್ಷಾ ಕೋರಿಕೆ ಕಳಿಸಿ, ಅದರ ಐಡಿಯನ್ನೂ ಯುಟಿಸಿ ಸಮಯವನ್ನೂ ಬರೆದಿಟ್ಟುಕೊಳ್ಳಿ. ಸೇವೆ ಹೇಳಿರುವ ತಡದ ಅವಧಿ ಮುಗಿದ ಮೇಲೂ ಅದು ಕಾಣದಿದ್ದರೆ ಆ ಐಡಿ ಸಮೇತ ದೂರು ಕೊಡಿ. ‘ಗ್ರಾಫ್ ಬರುತ್ತಿಲ್ಲ’ ಎಂಬ ದೂರಿಗೆ ‘ಕ್ಯಾಶ್ ಅಳಿಸಿ ನೋಡಿ’ ಎಂಬ ಉತ್ತರ ಸಿಗುತ್ತದೆ. ಐಡಿ ಇರುವ ದೂರನ್ನು ಯಾರಾದರೂ ಲಾಗ್‌ನಲ್ಲಿ ಹುಡುಕಲೇಬೇಕಾಗುತ್ತದೆ. ನಿಮ್ಮ ಪ್ರೋಗ್ರಾಂನಲ್ಲೂ ಪ್ರತಿ ಕರೆಯ ಸಮಯ, ಐಡಿ, ಯೂನಿಟ್ ಮೂರನ್ನು ಒಂದು ಫೈಲ್‌ಗೆ ಬರೆಯುತ್ತಾ ಹೋಗಿ. ಮರುಪ್ರಯತ್ನಗಳನ್ನೂ ಸೇರಿಸಿ ಬರೆಯಿರಿ, ಇಲ್ಲದಿದ್ದರೆ ನಿಮ್ಮ ಲೆಕ್ಕ ಅವರ ಲೆಕ್ಕಕ್ಕಿಂತ ಯಾವಾಗಲೂ ಕಡಿಮೆ ಬರುತ್ತದೆ.

ಡ್ಯಾಶ್‌ಬೋರ್ಡ್ ಕಟ್ಟುವವರೇ, ಮೇಲಿನ ಎಲ್ಲವನ್ನೂ ಒಟ್ಟಿಗೆ ಮಾಡಲು ಸಮಯ ಬೇಕು ಎಂಬುದು ನಮಗೆ ಗೊತ್ತು. ಆ ‘ಇಲ್ಲಿಯವರೆಗೆ ಪೂರ್ಣ’ ಎಂಬ ಒಂದು ಸಾಲಿನಿಂದ ಶುರುಮಾಡಿ. ಅದನ್ನು ಬರೆಯಲು ಹೊರಟಾಗ ಆ ಸಮಯ ನಿಮ್ಮಲ್ಲಿ ಎಲ್ಲೂ ದಾಖಲಾಗಿಲ್ಲ ಎಂದು ಕಂಡುಬಂದರೆ, ಮೇಲೆ ಹೇಳಿದ 24 ಸಾಲುಗಳ ಕೋಷ್ಟಕವನ್ನು ಮೊದಲು ಕಟ್ಟಿ. ಉಳಿದದ್ದು ಮುಂದಿನ ತಿಂಗಳು ಬರಲಿ, ಕಾಯುತ್ತೇವೆ.

ಇಂತಿ,
ನಿಮ್ಮ ಸೇವೆಗಳ ಮೇಲೆ ದಿನದ ಕೆಲಸ ನಡೆಸುವ ಎಂಜಿನಿಯರುಗಳು